ಟೇಬಲ್ ಸಾಗೆ ಹೊಸ ಮೈಟರ್ ಗೇಜ್: ಯಾವುದು ತಗೊಳ್ಳಬೇಕು, ಯಾಕೆ?

ಟೇಬಲ್ ಸಾ ಅಂದರೆ ಮೇಜಿನ ನಡುವಿನಿಂದ ದುಂಡು ಬ್ಲೇಡ್ ಮೇಲಕ್ಕೆ ಚಾಚಿರುವ ಗರಗಸದ ಯಂತ್ರ. ಮರವನ್ನು ಬೇಕಾದ ಕೋನದಲ್ಲಿ ಹಿಡಿದು ಬ್ಲೇಡ್ ಕಡೆಗೆ ತಳ್ಳುವ ಸಾಧನ ಮೈಟರ್ ಗೇಜ್. ಇವುಗಳಲ್ಲಿ ಫೋಟೋ ಫ್ರೇಮ್ ಮಾಡಿದವರಿಗೆಲ್ಲ ಈ ಅನುಭವ ಆಗಿರುತ್ತದೆ. ಮೂರು ಮೂಲೆ ಅಚ್ಚುಕಟ್ಟಾಗಿ ಕೂರುತ್ತವೆ. ನಾಲ್ಕನೆಯ ಮೂಲೆಗೆ ಬಂದಾಗ ಸಂದು ಬಾಯಿ ಬಿಟ್ಟುಕೊಂಡಿರುತ್ತದೆ. ಕೊನೆಯ ಮೂಲೆಯನ್ನೇ ತಪ್ಪಾಗಿ ಕತ್ತರಿಸಿದೆವು ಅಂತ ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ಎಂಟೂ ಕಟ್‌ಗಳು ಒಂದೇ ಪ್ರಮಾಣದಲ್ಲಿ ತಪ್ಪಿರುತ್ತವೆ. ಒಂದು ಕಟ್ ಕಾಲು ಡಿಗ್ರಿ ತಪ್ಪಿದರೆ ಎಂಟು ಕಟ್ ಸೇರಿ 2 ಡಿಗ್ರಿ ಆಯಿತು. ಪಟ್ಟಿ 50 ಮಿಲಿಮೀಟರ್ ಅಗಲ ಇದ್ದರೆ 45 ಡಿಗ್ರಿ ಸಂದಿನ ಉದ್ದ ಸುಮಾರು 70 ಮಿಲಿಮೀಟರ್. ಅಷ್ಟು ಉದ್ದಕ್ಕೆ 2 ಡಿಗ್ರಿ ಅಂದರೆ ಒಂದು ತುದಿಯಲ್ಲಿ ಹತ್ತಿರ ಹತ್ತಿರ 2.5 ಮಿಲಿಮೀಟರ್ ಸಂದಿ. ಮರದ ಹುಡಿಗೆ ಅಂಟು ಕಲಸಿ ತುಂಬಿದರೂ ಅದು ಕಣ್ಣಿಗೆ ಬೀಳುತ್ತದೆ.

ಯಂತ್ರದ ಜೊತೆ ಬಂದ ಮೈಟರ್ ಗೇಜ್ ಸಾಲದು ಅಂತ ಅನಿಸುವುದು ಇಂಥ ಹೊತ್ತಿನಲ್ಲಿ. ಹುಡುಕಲು ಹೊರಟರೆ ಹತ್ತಾರು ಬಗೆ ಸಿಗುತ್ತವೆ. ಎಲ್ಲದರ ಮೇಲೂ ಗೆರೆಗಳು, ಅಂಕಿಗಳು, ಹೊಳೆಯುವ ಅಲ್ಯೂಮಿನಿಯಂ. ಎಷ್ಟು ಗೆರೆ ಇದೆ ಎಂದು ನೋಡಿ ಆರಿಸುವವರೇ ಜಾಸ್ತಿ. ನಾನು ಮೊದಲ ಸಲ ಹಾಗೇ ಆರಿಸಿದೆ. ಗೇಜ್ ಮನೆಗೆ ಬಂದ ಮೇಲೆ ನೋಡಿದರೆ ಅದರ ಬಾರ್, ಅಂದರೆ ಟೇಬಲ್ ಮೇಲಿನ ಉದ್ದ ಕೊರಕಲಿನಲ್ಲಿ (ಸ್ಲಾಟ್) ಜಾರುವ ಲೋಹದ ಪಟ್ಟಿ, ನನ್ನ ಯಂತ್ರದ ಸ್ಲಾಟ್‌ನಲ್ಲಿ ಎಡಕ್ಕೂ ಬಲಕ್ಕೂ ಅಲುಗಾಡುತ್ತಿತ್ತು. ಬಿಗಿ ಮಾಡಲು ಒಂದು ಸ್ಕ್ರೂ ಕೂಡ ಇರಲಿಲ್ಲ. ಕೋನಕ್ಕೆ ತಿರುಗುವ ತಲೆಯ ಮೇಲೆ ಅರ್ಧ ಡಿಗ್ರಿಯ ಗೆರೆಗಳಿದ್ದು ಏನು ಬಂತು? ಅದಕ್ಕೇ ಹೇಳುತ್ತೇನೆ: ಮೊದಲು ಬಾರ್ ನೋಡಿ. ಆಮೇಲೆ ಕೋನ ಹೇಗೆ ನಿಲ್ಲುತ್ತದೆ ಅಂತ ನೋಡಿ. ಗೆರೆಗಳ ವಿಚಾರ ಕೊನೆಗೆ ಇರಲಿ.

ಕೊಳ್ಳುವ ಮುಂಚೆ

ಬ್ಲೇಡ್ ಮತ್ತು ಮೈಟರ್ ಸ್ಲಾಟ್ ಒಂದಕ್ಕೊಂದು ಸಮಾನಾಂತರವಾಗಿ ಇವೆಯಾ ಅಂತ ಪರೀಕ್ಷಿಸಿ. ಪ್ಲಗ್ ಕಿತ್ತು, ಬ್ಲೇಡ್ ಪೂರ್ತಿ ಮೇಲಕ್ಕೆತ್ತಿ. ಒಂದು ಹಲ್ಲಿಗೆ ಗುರುತು ಹಾಕಿ. ಅದೇ ಹಲ್ಲನ್ನು ಮುಂದೆ ತಂದು ಸ್ಲಾಟ್‌ನಿಂದ ದೂರ ಅಳೆಯಿರಿ. ಮತ್ತೆ ಹಿಂದಕ್ಕೆ ತಿರುಗಿಸಿ ಅಳೆಯಿರಿ. ಎರಡಕ್ಕೂ ವ್ಯತ್ಯಾಸ ಇದ್ದರೆ ಮೊದಲು ಯಂತ್ರವನ್ನು ಸರಿ ಮಾಡಬೇಕು. ಬ್ಲೇಡ್ ಓರೆಯಾಗಿದ್ದರೆ ಎಷ್ಟು ಒಳ್ಳೆಯ ಗೇಜ್ ತಂದರೂ ಪ್ರಯೋಜನವಿಲ್ಲ.

ಎರಡನೆಯದು, ಈಗಿರುವ ಗೇಜ್‌ಗೆ ಒಂದು ಅವಕಾಶ ಕೊಡಿ. ಬಾರ್ ಸಡಿಲ ಇದ್ದರೆ ಅದರ ಪಕ್ಕದ ಅಂಚಿನ ಮೇಲೆ ಸೆಂಟರ್ ಪಂಚ್ ಇಟ್ಟು ಅಲ್ಲಲ್ಲಿ ಸಣ್ಣದಾಗಿ ಹೊಡೆಯಿರಿ. ಹೊಡೆದ ಗುಳಿಯ ಸುತ್ತ ಲೋಹ ಸ್ವಲ್ಪ ಉಬ್ಬುತ್ತದೆ. ಆ ಉಬ್ಬೇ ಸ್ಲಾಟ್‌ನ ಗೋಡೆಗೆ ತಾಗಿ ಅಲುಗಾಟ ನಿಲ್ಲಿಸುತ್ತದೆ. ಬಿಗಿ ಹೆಚ್ಚಾದರೆ ಅರದಿಂದ ತುಸು ಉಜ್ಜಿದರೆ ಆಯಿತು. ಇನ್ನು ಗೇಜ್‌ನ ಮುಖಕ್ಕೆ ನೇರವಾದ ಒಂದು ಉದ್ದ ಮರದ ಪಟ್ಟಿಯನ್ನು ಸ್ಕ್ರೂ ಹಾಕಿ ಕೂರಿಸಿ. ಹೆಚ್ಚಿನ ಗೇಜ್‌ಗಳಲ್ಲಿ ಅದಕ್ಕೆಂದೇ ಎರಡು ತೂತು ಇರುತ್ತವೆ. ಮೂಲೆಮಟ್ಟ ಇಟ್ಟು 90 ಡಿಗ್ರಿಗೆ ಹೊಂದಿಸಿ ಬಿಗಿ ಮಾಡಿ. ನೀವು ಬರೀ ನೇರ ಕಟ್ ಮಾಡುವವರಾದರೆ ಇಷ್ಟೇ ಸಾಕು. ಹೊಸದಕ್ಕೆ ದುಡ್ಡು ಹಾಕಬೇಡಿ, ಒಳ್ಳೆಯ ಬ್ಲೇಡ್ ತಗೊಳ್ಳಿ.

ಕೋನವನ್ನು ಪದೇ ಪದೇ ಬದಲಿಸುತ್ತೀರಾ? 45ಕ್ಕೆ ಹೋಗಿ ಮತ್ತೆ 90ಕ್ಕೆ ಬಂದಾಗ ಪ್ರತಿ ಸಲ ಮೂಲೆಮಟ್ಟ ಹುಡುಕಬೇಕಾಗುತ್ತಿದೆಯಾ? ಒಂದೇ ಅಳತೆಯ ಹತ್ತು ತುಂಡು ಬೇಕಾಗುತ್ತವೆಯಾ? ಹಾಗಿದ್ದರೆ ಹೊಸ ಗೇಜ್ ನಿಮ್ಮ ಕೆಲಸಕ್ಕೆ ಬರುತ್ತದೆ.

ಬಾರ್ ಮತ್ತು ಸ್ಲಾಟ್

ಸಾಮಾನ್ಯ ಸ್ಲಾಟ್ ಮುಕ್ಕಾಲು ಇಂಚು ಅಗಲ, ಇಂಚಿನ ಎಂಟನೇ ಮೂರು ಭಾಗ ಆಳ ಇರುತ್ತದೆ. ಅಂದರೆ ಸುಮಾರು 19 ಮಿಲಿಮೀಟರ್ ಮತ್ತು 9.5 ಮಿಲಿಮೀಟರ್. ಬೇರೆಯಾಗಿ ಮಾರುವ ಗೇಜ್‌ಗಳು ಹೆಚ್ಚಾಗಿ ಈ ಅಳತೆಗೇ ಬರುತ್ತವೆ. ಆದರೆ ಎತ್ತಿಕೊಂಡು ಹೋಗುವಂಥ ಕೆಲವು ಸಣ್ಣ ಯಂತ್ರಗಳಲ್ಲಿ ಸ್ಲಾಟ್ ಕಿರಿದಾಗಿರುತ್ತದೆ, ಇಲ್ಲವೇ ಆಳ ಕಡಿಮೆ ಇರುತ್ತದೆ. ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಒಂದೇ ಕಡೆ ಅಲ್ಲ. ಮುಂದೆ, ನಡುವೆ, ಹಿಂದೆ ಮೂರು ಕಡೆ. ಸ್ಲಾಟ್ ಎಲ್ಲ ಕಡೆ ಒಂದೇ ಅಗಲ ಇಲ್ಲದಿದ್ದರೆ ಬಾರ್ ಅನ್ನು ಕಿರಿದಾದ ಜಾಗಕ್ಕೆ ಹೊಂದಿಸಬೇಕಾಗುತ್ತದೆ. ಆಗ ಅಗಲವಾದ ಕಡೆ ಅದು ಅಲುಗಾಡಿಯೇ ಅಲುಗಾಡುತ್ತದೆ.

ಸ್ಲಾಟ್‌ನ ಆಕಾರವನ್ನೂ ಗಮನಿಸಿ. ಕೆಲವು ಟೇಬಲ್‌ಗಳಲ್ಲಿ ಸ್ಲಾಟ್‌ನ ತಳ ತಲೆಕೆಳಗಾದ ಇಂಗ್ಲಿಷ್ ಟಿ ಅಕ್ಷರದಂತೆ ಅಗಲ ಆಗಿರುತ್ತದೆ. ಅದಕ್ಕೆ ಹೊಂದುವ ಒಂದು ದುಂಡು ಬಿಲ್ಲೆ ಬಾರ್‌ನ ತುದಿಯಲ್ಲಿ ಇರುತ್ತದೆ. ಬಾರ್ ಟೇಬಲ್‌ನಿಂದ ಅರ್ಧ ಹೊರಗೆ ಬಂದಾಗ ಗೇಜ್ ಮುಗ್ಗರಿಸದಂತೆ ಇದು ಹಿಡಿಯುತ್ತದೆ. ನಿಮ್ಮದು ನೇರ ಗೋಡೆಯ ಸ್ಲಾಟ್ ಆಗಿದ್ದರೆ ಬಿಲ್ಲೆಯನ್ನು ಬಿಚ್ಚಿಡಬೇಕು. ಬಿಚ್ಚಲು ಬರುತ್ತದಾ ಅಂತ ಕೊಳ್ಳುವಾಗಲೇ ನೋಡಿಕೊಳ್ಳಿ.

ಅಲುಗಾಟ ಎಷ್ಟು ಮುಖ್ಯ ಅನ್ನುವುದನ್ನು ಲೆಕ್ಕ ಹಾಕಿಯೇ ತಿಳಿಯೋಣ. 0.2 ಮಿಲಿಮೀಟರ್ ಪ್ಲೇ, ಅಂದರೆ ಸಡಿಲ, ಇದೆ ಅಂದುಕೊಳ್ಳಿ. ಬಾರ್ 400 ಮಿಲಿಮೀಟರ್ ಉದ್ದಕ್ಕೆ ಸ್ಲಾಟ್‌ನಲ್ಲಿ ಕೂತಿದ್ದರೆ ಕೋನ 0.03 ಡಿಗ್ರಿಯಷ್ಟೇ ತಪ್ಪಬಹುದು. ಇದು ಯಾರಿಗೂ ತಿಳಿಯುವುದಿಲ್ಲ. ಅಗಲ ಹಲಗೆ ಕತ್ತರಿಸಲು ಗೇಜ್ ಅನ್ನು ಹಿಂದಕ್ಕೆಳೆದು, ಬಾರ್ 100 ಮಿಲಿಮೀಟರ್ ಮಾತ್ರ ಒಳಗಿದ್ದರೆ? ಅದೇ ಪ್ಲೇ 0.11 ಡಿಗ್ರಿ ಆಗುತ್ತದೆ. 300 ಮಿಲಿಮೀಟರ್ ಅಗಲದ ಹಲಗೆಯಲ್ಲಿ 0.1 ಡಿಗ್ರಿ ಅಂದರೆ ಅರ್ಧ ಮಿಲಿಮೀಟರ್. ಅದೂ ಕಟ್ ಶುರುವಾಗುವಾಗ ಒಂದು ಥರ, ಮುಗಿಯುವಾಗ ಇನ್ನೊಂದು ಥರ. ಸಣ್ಣ ಟೇಬಲ್‌ನ ಯಂತ್ರ ಇರುವವರಿಗೆ ಬಾರ್‌ನ ಬಿಗಿ ಇನ್ನೂ ಮುಖ್ಯ ಅಂತ ನಾನು ಹೇಳುವುದು ಇದಕ್ಕೇ. ಬ್ಲೇಡ್‌ನ ಮುಂದೆ ಅವರಿಗೆ ಜಾಗ ಕಡಿಮೆ, ಹಾಗಾಗಿ ಬಾರ್ ಬೇಗ ಹೊರಗೆ ಬರುತ್ತದೆ.

ಬಿಗಿ ಮಾಡುವ ವ್ಯವಸ್ಥೆ ಮುಖ್ಯವಾಗಿ ಮೂರು ಬಗೆ. ಬಾರ್‌ನ ಪಕ್ಕದಲ್ಲಿ ನೈಲಾನ್ ತುದಿಯ ಸ್ಕ್ರೂಗಳಿರುವುದು ಒಂದು. ಸ್ಪ್ರಿಂಗ್ ಮೇಲೆ ಕೂತ ಸಣ್ಣ ಗುಂಡುಗಳು ಇನ್ನೊಂದು. ಮೂರನೆಯದು ಇಂಕ್ರಾ ಕಂಪನಿಯ ಗೇಜ್‌ಗಳಲ್ಲಿ ಇರುವಂಥದ್ದು. ಅದರಲ್ಲಿ ಬಾರ್‌ನಲ್ಲೇ ಕೂತ ಬಿಲ್ಲೆಗಳು ಸ್ಕ್ರೂ ತಿರುಗಿಸಿದಂತೆ ಅಗಲ ಆಗುತ್ತವೆ. ಸ್ಪ್ರಿಂಗ್ ಗುಂಡಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕೈಯಲ್ಲಿ ಜೋರಾಗಿ ಒತ್ತಿದರೆ ಸ್ಪ್ರಿಂಗ್ ಒಳಗೆ ಹೋಗುತ್ತದೆ, ಗೇಜ್ ಆ ಕಡೆ ವಾಲುತ್ತದೆ. ಬಿಲ್ಲೆ ಅಥವಾ ಸ್ಕ್ರೂ ಒಂದು ಸಲ ನಿಂತರೆ ನಿಂತಿತು. ಎರಡರಲ್ಲಿ ಯಾವುದಾದರೂ ಸರಿ, ಬಾರ್‌ನ ಉದ್ದಕ್ಕೂ ಒಂದಕ್ಕಿಂತ ಹೆಚ್ಚು ಕಡೆ ಇರಲಿ. ಬಾರ್ ಸ್ಲಾಟ್‌ನಲ್ಲಿ ಇರುವಾಗಲೇ ಮೇಲಿಂದ ತಿರುಗಿಸಲು ಬಂದರೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಹೊರಗೆ ತೆಗೆದು, ತಿರುಗಿಸಿ, ಮತ್ತೆ ಹಾಕಿ ನೋಡುವುದು ತಾಳ್ಮೆ ಕೆಡಿಸುವ ಕೆಲಸ.

ಕೋನ ನಿಲ್ಲುವುದು ಹೇಗೆ?

ಹಳೆಯ ಗೇಜ್‌ನಲ್ಲಿ ತಲೆಯನ್ನು ಕಣ್ಣಳತೆಯಲ್ಲಿ ಗೆರೆಗೆ ತಂದು ಹಿಡಿ ಬಿಗಿ ಮಾಡುತ್ತೇವೆ. ಗೆರೆಗೇ ಒಂದು ದಪ್ಪ ಇದೆ, ಮುಳ್ಳಿಗೂ ದಪ್ಪ ಇದೆ. ಬಿಗಿ ಮಾಡುವಾಗ ತಲೆ ನೂಲೆಳೆಯಷ್ಟು ಜಾರುತ್ತದೆ. ಒಳ್ಳೆಯ ಗೇಜ್‌ಗಳಲ್ಲಿ ಮುಖ್ಯ ಕೋನಗಳಿಗೆ ಕಚ್ಚು ಇರುತ್ತದೆ. ತಲೆಯನ್ನು ಅಲ್ಲಿಗೆ ತಂದರೆ ಅದು ತಾನಾಗಿ ಕೂರುತ್ತದೆ.

ಕಚ್ಚಿನಲ್ಲೂ ಬೇರೆ ಬೇರೆ ಬಗೆ ಇದೆ. ದುಂಡು ತೂತಿಗೆ ದುಂಡು ಪಿನ್ ಹಾಕುವುದು ಸುಲಭದ ದಾರಿ. ಆದರೆ ಪಿನ್ ತೂತಿನೊಳಗೆ ಸಲೀಸಾಗಿ ಹೋಗಬೇಕಾದರೆ ಸ್ವಲ್ಪ ಸಡಿಲ ಇರಲೇಬೇಕು. ಆ ಸಡಿಲವೇ ಕೋನದ ತಪ್ಪು. ತುದಿ ಚೂಪಾದ ಪಿನ್ ಇದಕ್ಕಿಂತ ಮೇಲು. ಅದು ಬೆಣೆಯಂತೆ ಒಳಗೆ ಇಳಿದು ಸಡಿಲವನ್ನು ನುಂಗುತ್ತದೆ. ಇಂಕ್ರಾದ ವಿ27 ಥರದ ಗೇಜ್‌ನಲ್ಲಿ ಲೋಹದ ತಟ್ಟೆಯ ಅಂಚಿನಲ್ಲಿ ಲೇಸರ್‌ನಿಂದ ಕೊರೆದ ಕಚ್ಚುಗಳಿವೆ. ಹಲ್ಲಿನಂಥ ಒಂದು ತುಂಡು ಆ ಕಚ್ಚಿನಲ್ಲಿ ಬೆಣೆಯಂತೆಯೇ ಕೂರುತ್ತದೆ. ಬಳಸಿ ಬಳಸಿ ಸವೆದರೂ ಅದು ಇನ್ನೊಂದು ಎಳೆ ಒಳಕ್ಕೆ ಹೋಗಿ ಕೂರುತ್ತದೆ, ಸಡಿಲ ಆಗುವುದಿಲ್ಲ. ನನಗೆ ಈ ಬಗೆಯ ಕಚ್ಚು ಮನಸ್ಸಿಗೆ ಹಿಡಿಸಿದೆ.

ಎಷ್ಟು ಕಚ್ಚು ಬೇಕು? ವಿ27ರಲ್ಲಿ ಪ್ರತಿ 5 ಡಿಗ್ರಿಗೆ ಒಂದು ಮತ್ತು ಎರಡೂ ಕಡೆ 22.5ಕ್ಕೆ ಒಂದೊಂದು, ಒಟ್ಟು 27 ಕಚ್ಚು. ಕ್ರೆಗ್ ಕಂಪನಿಯ ಗೇಜ್‌ನಲ್ಲಿ ಕಚ್ಚು 0, 10, 22.5, 30, 45ಕ್ಕೆ ಮಾತ್ರ. (ಸ್ಕೇಲ್‌ನ ಸೊನ್ನೆ ಅಂದರೆ ನೇರ 90 ಡಿಗ್ರಿಯ ಕಟ್.) ಉಳಿದ ಕೋನಗಳಿಗೆ ಡಿಗ್ರಿಯ ಹತ್ತನೇ ಒಂದು ಭಾಗ ಓದುವ ವರ್ನಿಯರ್ ಸ್ಕೇಲ್ ಮತ್ತು ಸಣ್ಣದಾಗಿ ತಿರುಗಿಸುವ ಸ್ಕ್ರೂ ಇದೆ. ಇಂಕ್ರಾದ ದೊಡ್ಡ ಮಾದರಿಗಳಲ್ಲಿ ಒಂದೊಂದು ಡಿಗ್ರಿಗೂ ಕಚ್ಚು ಸಿಗುತ್ತದೆ.

ನೀವು ಏನು ಮಾಡುತ್ತೀರಿ ಅನ್ನುವುದರಿಂದ ಇದನ್ನು ತೀರ್ಮಾನಿಸಬಹುದು. ಚೌಕಕ್ಕೆ 45, ಆರು ಮೂಲೆಗೆ 30, ಎಂಟು ಮೂಲೆಗೆ 22.5, ಹನ್ನೆರಡಕ್ಕೆ 15. ಇವೆಲ್ಲ ಐದೈದು ಡಿಗ್ರಿಯ ಗೇಜ್‌ನಲ್ಲೇ ಬರುತ್ತವೆ. ಐದು ಮೂಲೆಗೆ ಬೇಕಾದ್ದು 36, ಹತ್ತು ಮೂಲೆಗೆ 18. ಇವೆರಡೂ ಅದರಲ್ಲಿ ಬರುವುದಿಲ್ಲ. ಒಂದೊಂದು ಡಿಗ್ರಿಯ ಗೇಜ್ ಬೇಕು. ಏಳು ಮೂಲೆಯದಕ್ಕೆ 25.71 ಡಿಗ್ರಿ. ಅದಕ್ಕೆ ಯಾವ ಕಚ್ಚೂ ಆಗುವುದಿಲ್ಲ, ಸ್ಕೇಲ್ ನೋಡಿ ಹೊಂದಿಸಿ, ವೇಸ್ಟ್ ಮರದಲ್ಲಿ ಪರೀಕ್ಷಿಸಿ ತಿದ್ದಬೇಕು. ಮೂಲೆ ಹೆಚ್ಚಾದಷ್ಟೂ ಕಚ್ಚಿನ ಮಹತ್ವ ಏರುತ್ತದೆ. ಎಂಟು ಮೂಲೆಯ ಚೌಕಟ್ಟಿಗೆ ಹದಿನಾರು ಕಟ್. ಒಂದಕ್ಕೆ 0.1 ಡಿಗ್ರಿ ತಪ್ಪಿದರೂ ಕೊನೆಗೆ 1.6 ಡಿಗ್ರಿ ಸಂದಿ ಉಳಿಯುತ್ತದೆ.

ಒಂದು ವಿಷಯ ನೆನಪಿರಲಿ. ಒಂದೇ ತಟ್ಟೆಯಲ್ಲಿ ಕೊರೆದ ಕಚ್ಚುಗಳನ್ನು ಬೇರೆ ಬೇರೆಯಾಗಿ ತಿದ್ದಲು ಬರುವುದಿಲ್ಲ. 90 ಅನ್ನು ಸರಿ ಮಾಡಿದರೆ ಉಳಿದವೂ ಅದರ ಜೊತೆ ಸರಿಯುತ್ತವೆ. ಕೊರೆತ ಚೆನ್ನಾಗಿದ್ದರೆ ಇದು ದೊಡ್ಡ ಅನುಕೂಲ, ಒಂದು ಸಲ ಹೊಂದಿಸಿದರೆ ಎಲ್ಲ ಮುಗಿಯಿತು. ಕೊರೆತ ಕೆಟ್ಟದಾಗಿದ್ದರೆ ಮಾತ್ರ ದಾರಿಯೇ ಇಲ್ಲ. ನೋಡಲು ಒಂದೇ ಥರ ಇರುವ ಅಗ್ಗದ ನಕಲುಗಳಿಗೂ ಒಳ್ಳೆಯದಕ್ಕೂ ಇರುವ ವ್ಯತ್ಯಾಸ ಹೆಚ್ಚಾಗಿ ಇಲ್ಲೇ. ಅಂಥದ್ದನ್ನು ತಗೊಂಡರೆ ವಾಪಸ್ ಕೊಡುವ ಅವಧಿಯೊಳಗೇ 90 ಮತ್ತು 45 ಎರಡನ್ನೂ ಕತ್ತರಿಸಿ ನೋಡಿ.

ತ್ರಿಕೋನದ ಬಗೆ

ಓಸ್ಬೋರ್ನ್ ಇಬಿ-3 ಅನ್ನುವ ಗೇಜ್‌ನ ಮೈಕಟ್ಟು ಬೇರೆ. ಉಳಿದ ಗೇಜ್‌ಗಳಲ್ಲಿ ಬಾರ್ ಮೇಲೆ ಅರ್ಧಚಂದ್ರದ ತಲೆ, ಅದರ ಮೇಲೆ ಫೆನ್ಸ್, ಅಂದರೆ ಮರವನ್ನು ಒರಗಿಸುವ ಉದ್ದ ಪಟ್ಟಿ. ಇದರಲ್ಲಿ ಬಾರ್, ಫೆನ್ಸ್, ಎರಡನ್ನೂ ಸೇರಿಸುವ ಉದ್ದ ಕಡ್ಡಿ, ಮೂರೂ ಸೇರಿ ತ್ರಿಕೋನ ಆಗುತ್ತದೆ. ಕಡ್ಡಿ ಉದ್ದ ಗಿಡ್ಡ ಆದಂತೆ ಕೋನ ಬದಲಾಗುತ್ತದೆ. ಉದ್ದನೆಯ ಫೆನ್ಸ್ ಅನ್ನು ನಡುವಿನಲ್ಲಿ ಮಾತ್ರ ಹಿಡಿದರೆ ತುದಿಯಲ್ಲಿ ಬಾಗುತ್ತದೆ. ಇಲ್ಲಿ ದೂರದಲ್ಲೂ ಆಧಾರ ಇರುವುದರಿಂದ ಭಾರದ ಹಲಗೆ ತಳ್ಳಿದರೂ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಇದಕ್ಕೆ ಜಾಗ ಬೇಕು. ಒಂದು ಸ್ಲಾಟ್‌ನಿಂದ ತೆಗೆದು ಇನ್ನೊಂದಕ್ಕೆ ಹಾಕುವಾಗ ಬಿಚ್ಚಿ ತಿರುಗಿಸಿ ಜೋಡಿಸುವ ಕೆಲಸವೂ ಇದೆ. ಪ್ಯಾನೆಲ್, ಬಾಗಿಲ ಚೌಕಟ್ಟು ಮಾಡುವವರಿಗೆ ಇದು ಹೊಂದುತ್ತದೆ. ಸಣ್ಣ ಪೆಟ್ಟಿಗೆ, ಫ್ರೇಮ್ ಮಾಡುವವರಿಗೆ ಅಗತ್ಯವಿಲ್ಲ.

ಫೆನ್ಸ್, ಸ್ಟಾಪ್, ಮತ್ತು ಜಾರುವ ಮರ

ಫೆನ್ಸ್ ಉದ್ದ ಇದ್ದಷ್ಟೂ ಒಳ್ಳೆಯದು ಅನ್ನುವ ಮಾತು ಅರ್ಧ ನಿಜ. ಉದ್ದದ ಫೆನ್ಸ್‌ಗೆ ತೂಕ ಇರುತ್ತದೆ, ಸಣ್ಣ ಟೇಬಲ್‌ನಲ್ಲಿ ಅದು ಗೇಜ್ ಅನ್ನು ಒಂದು ಕಡೆಗೆ ಎಳೆಯುತ್ತದೆ. ನಿಮ್ಮ ಮಾಮೂಲಿ ತುಂಡಿನ ಉದ್ದಕ್ಕೆ ಸ್ಟಾಪ್ (ಮರವನ್ನು ಅಳತೆಗೆ ತಡೆಯುವ ತುಂಡು) ಕೂರಲು ಸಾಕಾಗುವಷ್ಟು ಇದ್ದರೆ ಆಯಿತು. ಕ್ರೆಗ್‌ನದು 24 ಇಂಚು, ನನ್ನ ಪ್ರಕಾರ ಬಹಳ ಮಂದಿಗೆ ಇದು ಹದವಾದ ಉದ್ದ. ಆಗೊಮ್ಮೆ ಈಗೊಮ್ಮೆ ಮಾತ್ರ ಉದ್ದ ಬೇಕಿದ್ದರೆ ಒಳಗಿಂದ ಎಳೆದು ಚಾಚುವ ಫೆನ್ಸ್ ತಗೊಳ್ಳಿ.

ಸ್ಟಾಪ್ ಬಗ್ಗೆ ಜಾಸ್ತಿ ಯೋಚಿಸಿ. ಮೇಲೆತ್ತಿ ಇಳಿಸುವ ಫ್ಲಿಪ್ ಸ್ಟಾಪ್ ಬಹಳ ಉಪಯೋಗದ್ದು. ಒಂದು ತುದಿ ಚೊಕ್ಕ ಮಾಡುವಾಗ ಮೇಲೆತ್ತಿ, ಅಳತೆಗೆ ಕತ್ತರಿಸುವಾಗ ಇಳಿಸಿ. ಕೊಳ್ಳುವಾಗ ಅದರ ಕೀಲನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲುಗಾಡಿಸಿ. ಅದು ಅಲುಗಾಡಿದರೆ ಹತ್ತು ತುಂಡು ಹತ್ತು ಅಳತೆಗೆ ಬರುತ್ತವೆ. ಸ್ಟಾಪ್‌ನ ಕೆಳ ಅಂಚು ಟೇಬಲ್‌ಗೆ ಪೂರ್ತಿ ತಾಗದೆ ಸ್ವಲ್ಪ ಎತ್ತರದಲ್ಲಿ ಇದ್ದರೆ ಮರದ ಹುಡಿ ಅಲ್ಲಿ ಸಿಕ್ಕಿಕೊಂಡು ಅಳತೆ ಕೆಡುವುದಿಲ್ಲ. ಇಂಕ್ರಾದ ಕೆಲವು ಫೆನ್ಸ್‌ಗಳಲ್ಲಿ ಗರಗಸದಂಥ ಹಲ್ಲಿನ ಪಟ್ಟಿ ಇದ್ದು, ಸ್ಟಾಪ್ ಇಂಚಿನ ಮೂವತ್ತೆರಡನೇ ಒಂದು ಭಾಗದ ಲೆಕ್ಕದಲ್ಲಿ ಕೂರುತ್ತದೆ. ನಾಳೆ ಅದೇ ಅಳತೆಗೆ ವಾಪಸ್ ಬರಲು ಇದು ತುಂಬಾ ಚೆನ್ನ. ಮಿಲಿಮೀಟರ್‌ನಲ್ಲಿ ಕೆಲಸ ಮಾಡುವವರು ಮೆಟ್ರಿಕ್ ಮಾದರಿ ಇದೆಯಾ ಅಂತ ಕೇಳಿ ತಗೊಳ್ಳಿ.

ಕೈಯನ್ನೇ ಕಾಪಾಡುವ ಮಾತು ಒಂದಿದೆ. ಗೇಜ್‌ನಲ್ಲಿ ಕತ್ತರಿಸುವಾಗ ರಿಪ್ ಫೆನ್ಸ್ ಅನ್ನು, ಅಂದರೆ ಮರವನ್ನು ಉದ್ದಕ್ಕೆ ಸೀಳಲು ಟೇಬಲ್ ಮೇಲೆ ಬ್ಲೇಡ್‌ಗೆ ಸಮಾನಾಂತರವಾಗಿ ಇರುವ ಫೆನ್ಸ್ ಅನ್ನು, ಅಳತೆಯ ಸ್ಟಾಪ್ ಆಗಿ ಬಳಸಬೇಡಿ. ಕತ್ತರಿಸಿದ ತುಂಡು ಬ್ಲೇಡ್‌ಗೂ ಫೆನ್ಸ್‌ಗೂ ನಡುವೆ ಸಿಕ್ಕಿಕೊಂಡು ಓರೆಯಾಗುತ್ತದೆ, ಬ್ಲೇಡ್ ಅದನ್ನು ನಿಮ್ಮ ಕಡೆಗೇ ಎಸೆಯುತ್ತದೆ. ಗೇಜ್‌ನ ಫೆನ್ಸ್ ಮೇಲೆ ಒಳ್ಳೆಯ ಸ್ಟಾಪ್ ಇದ್ದರೆ ಆ ಆಸೆಯೇ ಬರುವುದಿಲ್ಲ. ಸ್ಟಾಪ್‌ಗೆ ದುಡ್ಡು ಕೊಡಿ ಅಂತ ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಇನ್ನು 45ರ ಕಟ್ ತಪ್ಪಿದಾಗ ಎಲ್ಲರೂ ಗೇಜ್ ಅನ್ನೇ ದೂರುತ್ತಾರೆ. ಎಷ್ಟೋ ಸಲ ಕೋನ ಸರಿಯಾಗೇ ಇರುತ್ತದೆ, ಮರ ಜಾರಿರುತ್ತದೆ. ಓರೆಯಾಗಿ ತಳ್ಳುವಾಗ ಬ್ಲೇಡ್ ಮರವನ್ನು ಫೆನ್ಸ್‌ನ ಉದ್ದಕ್ಕೆ ಮೆಲ್ಲಗೆ ಎಳೆಯುತ್ತದೆ. ನುಣುಪಾದ ಅಲ್ಯೂಮಿನಿಯಂ ಮೇಲೆ ಹಿಡಿತ ಸಿಗುವುದಿಲ್ಲ. ಫೆನ್ಸ್‌ನ ಮುಖಕ್ಕೆ 150 ನಂಬರಿನ ಉಪ್ಪುಕಾಗದ ಅಂಟಿಸಿ ನೋಡಿ, ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯದು ಫೆನ್ಸ್‌ಗೆ ಒಂದು ಮರದ ಪಟ್ಟಿ ಹಾಕುವುದು. ಬ್ಲೇಡ್ ಅದನ್ನೂ ಸೇರಿಸಿ ಕತ್ತರಿಸುವುದರಿಂದ ಹಲಗೆಯ ಹಿಂದಿನ ಅಂಚು ಸಿಬಿರೇಳುವುದಿಲ್ಲ. ಹಾಗಾಗಿ ಪಟ್ಟಿ ಹಾಕಲು ಮುಖದಲ್ಲಿ ಟಿ-ಟ್ರ್ಯಾಕ್ (ಬೋಲ್ಟ್‌ನ ತಲೆ ಜಾರಿ ಕೂರುವ ಕೊರಕಲು) ಇರುವ ಫೆನ್ಸ್ ಆರಿಸಿ. ಕೋನ ಬದಲಿಸಿದಾಗಲೆಲ್ಲ ಫೆನ್ಸ್ ಅನ್ನು ಹಿಂದೆ ಸರಿಸಿ, ಬ್ಲೇಡ್‌ಗೆ ಲೋಹ ತಾಗುವುದಿಲ್ಲ ಅಂತ ಖಚಿತ ಮಾಡಿಕೊಂಡೇ ಯಂತ್ರ ಶುರು ಮಾಡಿ.

ಸ್ಲೆಡ್ ಸಾಕಲ್ವಾ?

ಕೆಲವರಿಗೆ ಸಾಕು. ಪ್ಲೈವುಡ್‌ನಲ್ಲಿ ಕೈಯಾರೆ ಮಾಡಿದ ಕ್ರಾಸ್‌ಕಟ್ ಸ್ಲೆಡ್, ಅಂದರೆ ಮರವನ್ನು ಮೇಲಿಟ್ಟು ತಳ್ಳುವ ಜಾರುಹಲಗೆ, ಎರಡೂ ಸ್ಲಾಟ್‌ನಲ್ಲಿ ಓಡುತ್ತದೆ, ಹಲಗೆಯ ಎರಡೂ ಭಾಗವನ್ನು ಹೊತ್ತುಕೊಂಡು ಹೋಗುತ್ತದೆ. ಅಗಲ ಪ್ಯಾನೆಲ್‌ಗೂ ತೀರ ಸಣ್ಣ ತುಂಡಿಗೂ ನಾನು ಸ್ಲೆಡ್ ಅನ್ನೇ ನೆಚ್ಚುತ್ತೇನೆ. ಆದರೆ ಸ್ಲೆಡ್‌ನ ತಳ 12 ಮಿಲಿಮೀಟರ್ ಇದ್ದರೆ ಕಟ್‌ನ ಆಳವೂ ಅಷ್ಟು ಕಡಿಮೆ ಆಯಿತು. ಕೋನ ಬದಲಿಸುವುದು ಕಷ್ಟ, ಇಡಲು ಜಾಗ ಬೇಕು, ಬ್ಲೇಡ್ ವಾಲಿಸಿ ಕತ್ತರಿಸಲು ಬೇರೆಯದೇ ಸ್ಲೆಡ್ ಬೇಕು. 90ರ ಕೆಲಸವೇ ಜಾಸ್ತಿ ಇದ್ದರೆ ಸ್ಲೆಡ್ ಮಾಡಿಕೊಳ್ಳಿ. ಕೋನಗಳ ಕೆಲಸ ಇದ್ದರೆ ಗೇಜ್.

ನಾನಾದರೆ ಹೀಗೆ ಆರಿಸುತ್ತೇನೆ

ಈಗಷ್ಟೇ ಹೊಸದಾಗಿ ತಗೊಳ್ಳುವವರಿಗೆ ವಿ27. ಫೆನ್ಸ್ ಇಲ್ಲದೆ ತಲೆ ಮತ್ತು ಬಾರ್ ಮಾತ್ರ ಬಂದರೂ ಚಿಂತೆ ಇಲ್ಲ, ನೇರ ಮರದ ಪಟ್ಟಿಯೊಂದನ್ನು ನೀವೇ ಹಾಕಿಕೊಳ್ಳಬಹುದು. ದುಡ್ಡು ಬಾರ್‌ಗೂ ಕಚ್ಚಿಗೂ ಹೋಗಿರುತ್ತದೆ, ಹೋಗಬೇಕಾದದ್ದೂ ಅಲ್ಲಿಗೇ. ಡಬ್ಬ ತೆರೆದು ಅಂದೇ ಕೆಲಸ ಶುರು ಮಾಡಬೇಕು, ಫೆನ್ಸ್ ಸ್ಟಾಪ್ ಎಲ್ಲ ಜೊತೆಗೇ ಇರಬೇಕು ಅನ್ನುವವರಿಗೆ ಕ್ರೆಗ್. ಬಹುಕೋನದ ಪೆಟ್ಟಿಗೆ, ಸಣ್ಣ ತುಂಡುಗಳನ್ನು ಜೋಡಿಸಿದ ಬಟ್ಟಲು ಮಾಡುವವರು ಒಂದೊಂದು ಡಿಗ್ರಿಯ ಕಚ್ಚಿರುವ ಇಂಕ್ರಾಗೆ ಹೋಗಲಿ. ಬಾರ್‌ಗೆ ಬಿಗಿ ಮಾಡುವ ವ್ಯವಸ್ಥೆಯೇ ಇಲ್ಲದ ಗೇಜ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಬ್ಲೇಡ್ ವಾಲಿಸಿ ಕತ್ತರಿಸುವ ಅಭ್ಯಾಸ ಇದ್ದರೆ ಇನ್ನೊಂದನ್ನು ನೋಡಿ. ಬ್ಲೇಡ್ ಗೇಜ್‌ನಿಂದ ಆಚೆಗೆ ವಾಲುವಂತೆ ಸ್ಲಾಟ್ ಆರಿಸಬೇಕು. ಎಡಕ್ಕೆ ವಾಲುವ ಯಂತ್ರದಲ್ಲಿ ಅದು ಬಲ ಸ್ಲಾಟ್. ಆದ್ದರಿಂದ ಫೆನ್ಸ್ ಮತ್ತು ಸ್ಟಾಪ್ ಎರಡೂ ಕಡೆಗೆ ತಿರುಗಿಸಿ ಹಾಕಲು ಬರಬೇಕು.

ಬಂದ ದಿನ ಮಾಡಬೇಕಾದ ಪರೀಕ್ಷೆ

ಕಾರ್ಖಾನೆಯಿಂದ ಸರಿ ಮಾಡಿಯೇ ಬಂದಿದೆ ಅಂತ ಬರೆದಿದ್ದರೂ ನಿಮ್ಮ ಯಂತ್ರದ ಮೇಲೆ ಪರೀಕ್ಷಿಸಿ. ಮೊದಲು ಬಾರ್ ಅನ್ನು ಬಿಗಿ ಮಾಡಿ, ಸಲೀಸಾಗಿ ಜಾರಬೇಕು, ಅಲುಗಾಡಬಾರದು. ಆಮೇಲೆ ಸುಮಾರು 300 ಮಿಲಿಮೀಟರ್ ಚೌಕದ ಪ್ಲೈವುಡ್ ತಗೊಳ್ಳಿ. ಗೇಜ್ ಎಡ ಸ್ಲಾಟ್‌ನಲ್ಲಿರಲಿ. ಬಲ ಅಂಚನ್ನು ತೆಳ್ಳಗೆ ಕತ್ತರಿಸಿ. ಹಲಗೆಯನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಿ, ಈಗ ಕತ್ತರಿಸಿದ ಅಂಚು ಫೆನ್ಸ್‌ಗೆ ಬರುವಂತೆ ಇಟ್ಟು ಮತ್ತೆ ಕತ್ತರಿಸಿ. ಹೀಗೆ ನಾಲ್ಕೂ ಅಂಚು ಮುಗಿಸಿ. ಐದನೆಯ ಸಲ ಮೊದಲ ಅಂಚನ್ನೇ, ಈ ಬಾರಿ 25 ಮಿಲಿಮೀಟರ್ ಅಗಲದ ಪಟ್ಟಿ ಬರುವಂತೆ ಕತ್ತರಿಸಿ.

ಆ ಪಟ್ಟಿಯ ಎರಡೂ ತುದಿಯ ಅಗಲವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಿ. 0.6 ಮಿಲಿಮೀಟರ್ ವ್ಯತ್ಯಾಸ ಬಂದರೆ ನಿಜವಾದ ತಪ್ಪು 300 ಮಿಲಿಮೀಟರ್‌ಗೆ 0.15, ಅಂದರೆ ಸುಮಾರು 0.03 ಡಿಗ್ರಿ. ಮೂಲೆಮಟ್ಟದಲ್ಲಿ ಕಣ್ಣಿಗೆ ಕಾಣದ ತಪ್ಪು ಇಲ್ಲಿ ನಾಲ್ಕು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ. ಪೀಠೋಪಕರಣಕ್ಕೆ ಅಷ್ಟು ಸಾಕು. ಅದಕ್ಕಿಂತ ಹೆಚ್ಚಿದ್ದರೆ ತಲೆಯನ್ನು ಬಾರ್‌ಗೆ ಹಿಡಿದಿರುವ ಸ್ಕ್ರೂ ಸಡಿಲಿಸಿ, ಒಂದೆಳೆ ತಿರುಗಿಸಿ, ಐದೂ ಕಟ್ ಮತ್ತೊಮ್ಮೆ ಮಾಡಿ. ವ್ಯತ್ಯಾಸ ಹೆಚ್ಚಾಯಿತು ಅಂದರೆ ತಪ್ಪು ಕಡೆಗೆ ತಿರುಗಿಸಿದ್ದೀರಿ, ಎದುರು ಕಡೆಗೆ ತಿರುಗಿಸಿ. 90 ಸರಿಯಾದ ಮೇಲೆ ಮುಳ್ಳನ್ನು ಸೊನ್ನೆಗೆ ತಂದು ಬಿಗಿ ಮಾಡಿ. ಕೊನೆಗೆ 45ರ ಕಚ್ಚಿಗೆ ಹಾಕಿ, ವೇಸ್ಟ್ ಪಟ್ಟಿಯಿಂದ ನಾಲ್ಕು ತುಂಡಿನ ಒಂದು ಸಣ್ಣ ಫ್ರೇಮ್ ಕತ್ತರಿಸಿ, ಅಂಟು ಹಾಕದೆ ಜೋಡಿಸಿ ನಾಲ್ಕನೆಯ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿ.